ಮೈಕಿನ ಗುಂಡಿ ಬಿಡದ ಅಣ್ಣ

೧೯೭೬ರಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟ ನಾನು, ತೊಂಬತ್ತರ ದಶಕದ ಒಂದು ಮಧ್ಯಾಹ್ನ ವಿಶಾಖಪಟ್ಟಣದಲ್ಲಿ ಹ್ಯಾಮ್ ರೇಡಿಯೊದ, ಅಂದರೆ ಹವ್ಯಾಸಿಗಳು ನಡೆಸುವ ವೈರ್‌ಲೆಸ್ ಸೆಟ್ಟಿನ, ಮೈಕು ಹಿಡಿದು ನಿಂತಿದ್ದೆ. ಚಂಡಮಾರುತಕ್ಕೆ ಕರೆಂಟು, ಫೋನು ಎರಡೂ ಸತ್ತಿದ್ದವು. ಗಾಳಿ-ಮಳೆಯ ಸುದ್ದಿ ಮುಟ್ಟಿಸುತ್ತಿದ್ದ ಹವ್ಯಾಸಿಗಳ ಸೆಟ್ ನಡೆಯುತ್ತಿದ್ದುದು ಅಲ್ಲಿದ್ದ ನನ್ನ ಬ್ಯಾಟರಿ ಅಂಗಡಿಯ ಒಂದು ಲಾರಿ ಬ್ಯಾಟರಿಯಿಂದ. ವಿಜಯವಾಡದಲ್ಲಿದ್ದ ನನ್ನ ತಮ್ಮ ಬಸು ಲಾರಿ ತೆಗೆದುಕೊಂಡು ನಮ್ಮ ಕಡೆಗೇ ಹೊರಡುವವನಿದ್ದ. ಅಲ್ಲಿನ ಹವ್ಯಾಸಿಗಳು ಲಾರಿ ಸ್ಟ್ಯಾಂಡಿನಲ್ಲಿ ಹುಡುಕಿ ಅವನನ್ನು ತಮ್ಮ ಸೆಟ್ಟಿನ ಮುಂದೆ ಕೂರಿಸಿದ್ದರು.

"ಬಸ್ಯಾ, ಹೊಂಡಬ್ಯಾಡೋ! ರಸ್ತೆ ತುಂಬ ಗಿಡ ಬಿದ್ದಾವ. ಕೇಳಸ್ತೇನು? ಬಾಯಾಗ ಕಡಬು ಇಟ್ಕೊಂಡಿಯೇನು, ಮಾತಾಡೋ ಮಂಗ್ಯಾ!" ಎಂದು ಕೂಗಿದೆ. ಉತ್ತರವೇ ಇಲ್ಲ. ಹೊರಟೇಬಿಟ್ಟನೇನೋ ಎಂದು ಇನ್ನಷ್ಟು ಬೈದೆ. ಸೆಟ್ ನಡೆಸುತ್ತಿದ್ದ ರಾವ್ ಗಾರು ನಗುತ್ತ ನನ್ನ ಹೆಬ್ಬೆರಳನ್ನು ಮೈಕಿನ ಗುಂಡಿಯಿಂದ ಎತ್ತಿದರು. ಅದನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಆ ಕಡೆಯ ಮಾತು ಕೇಳಿಸುವುದೇ ಇಲ್ಲವಂತೆ!

"ಅಣ್ಣಾ, ನಿನ್ನ ಬೈಗಳ ಇಲ್ಲಿ ಎಲ್ಲಾರೂ ಕೇಳ್ಯಾರ. ಲಾರಿ ಕೀಲಿ ಈ ಸೆಟ್ಟಿನ ಸಾಹೇಬ್ರ ಕಿಸೇದಾಗ ಐತಿ, ಎಲ್ಲಿಗೆ ಹೊಂಡ್ಲಿ?" ಎಂದ ಬಸು.

ಆಮೇಲೆ ಹಟ ಹಿಡಿದು ಓದಿ, ಹ್ಯಾಮ್ ಪರೀಕ್ಷೆ ಪಾಸಾದೆ. ಈಗ ನನಗೆ ಒಂದು ಲೈಸೆನ್ಸು, ಎರಡು ಸೆಟ್ಟು, ಒಬ್ಬ ತಮ್ಮ.