ಹತ್ತು ಮಂದಿಯನ್ನೇ ಸುತ್ತಿಸಿದ ಲೋಡ್ ಟೆಸ್ಟ್

ಕಳೆದ ಮಂಗಳವಾರ ಬೆಳಗ್ಗೆ ಹತ್ತಕ್ಕೆ ತೆರೆದ ವೆಬ್‌ಸೈಟ್ ಹತ್ತು ಗಂಟೆ ಮೂರು ನಿಮಿಷಕ್ಕೆ ಮಲಗಿತು. ಎದ್ದಿದ್ದು ಮಧ್ಯಾಹ್ನ, ಎಲ್ಲರ ಊಟ ಮುಗಿದ ಮೇಲೆ.

ವಿಜಯವಾಡದ ಪಟಮಟದಲ್ಲಿರುವ ನಮ್ಮ ಪಕ್ಕದ ಮನೆಯ ಲಾವಣ್ಯ ಒಂಬತ್ತೂವರೆಯಿಂದಲೇ ಅದರ ಮುಂದೆ ಕೂತಿದ್ದಳು. ವಿಶಾಖಪಟ್ಟಣದಲ್ಲಿ ಅವಳಿಗೆ ನರ್ಸಿಂಗ್ ಸೀಟು ಸಿಕ್ಕಿದೆ. ಹಾಸ್ಟೆಲ್ ರೂಮು ಮಾತ್ರ ಕಾಲೇಜಿನ ಈ ವೆಬ್‌ಸೈಟಿನಲ್ಲಿ, ಮೊದಲು ಬಂದವರಿಗೆ ಮೊದಲು. ಸರ್ಟಿಫಿಕೇಟ್‌ಗಳನ್ನೆಲ್ಲ ಅಪ್‌ಲೋಡ್ ಮಾಡಿ ಕಾಯುತ್ತಿದ್ದವಳಿಗೆ, ಎದ್ದ ವೆಬ್‌ಸೈಟ್ ಮತ್ತೆ ಮೊದಲಿನಿಂದ ಶುರು ಮಾಡು ಎಂದಿತು. ಅವಳು ಮುಗಿಸುವಷ್ಟರಲ್ಲಿ ರೂಮುಗಳೆಲ್ಲ ಭರ್ತಿ. ಹಾಸ್ಟೆಲ್ ಇಲ್ಲದಿದ್ದರೆ ವಿಶಾಖಪಟ್ಟಣವೂ ಬೇಡ, ನರ್ಸಿಂಗೂ ಬೇಡ ಎಂದು ಅವಳಪ್ಪ ಅಂದೇ ತೀರ್ಪು ಕೊಟ್ಟರು.

ಇದನ್ನೆಲ್ಲ ನಿಮಗೇಕೆ ಹೇಳುತ್ತಿದ್ದೇನೆ? ಆ ವೆಬ್‌ಸೈಟನ್ನು ಪರೀಕ್ಷಿಸಿ 'ಪಾಸ್' ಎಂದು ಸಹಿ ಹಾಕಿದವಳು ನಾನು.

(ಬ್ಯಾಂಕಿನವರ ಹೆಂಡತಿಯಾಗಿ ಟ್ರಾನ್ಸ್‌ಫರ್ ಮೇಲೆ ಟ್ರಾನ್ಸ್‌ಫರ್ ಕಂಡವಳು ನಾನು. ವಿಜಯವಾಡದ ಮನೆಯಲ್ಲಿ ಕೂತೇ ವಿಶಾಖಪಟ್ಟಣದ ಒಂದು ಕಂಪನಿಗೆ ಕೆಲಸ ಮಾಡುತ್ತೇನೆ.)

ನಮ್ಮ ಕೆಲಸ ಬಹಳ ಸರಳ. ಸಾವಿರಾರು ಜನ ಒಟ್ಟಿಗೆ ನುಗ್ಗಿದರೆ ವೆಬ್‌ಸೈಟ್ ತಡೆಯುತ್ತದೆಯೇ ಎಂದು ನೋಡುವುದು. ಜನ ಬೇಕಿಲ್ಲ, ಜನರಂತೆ ನಟಿಸುವ ಪ್ರೋಗ್ರಾಂ ಇದೆ. ಅದಕ್ಕೆ ಅರ್ಜಿ ನಂಬರ್, ಸರ್ಟಿಫಿಕೇಟ್ ಎಲ್ಲ ಒಂದೊಂದಾಗಿ ಉಣಿಸಬೇಕು, ಅಷ್ಟೆ. ಕಾಲೇಜಿನವರು ಎಲ್ಲ ವಿದ್ಯಾರ್ಥಿಗಳದ್ದನ್ನೂ ಒಂದು ದೊಡ್ಡ ಜಿಪ್ ಫೈಲ್ ಮಾಡಿ ಕಳಿಸಿದ್ದರು.

ನಮ್ಮ ಟೆಸ್ಟಿಂಗ್ ಮೆಷಿನ್‌ನಲ್ಲಿ ಅದನ್ನು ಬಿಚ್ಚಲು ಹೋದರೆ 'ಜಾಗ ಸಾಲದು' ಎಂದಿತು. ಮ್ಯಾನೇಜರ್ ಮೂರ್ತಿಗಾರು ಏನು ಮಾಡಿದರು ಗೊತ್ತೆ? ಬಿಚ್ಚಿಕೊಂಡ ಮೊದಲ ಹತ್ತು ಮಂದಿಯದ್ದನ್ನು ಎತ್ತಿಕೊಂಡರು. ಆ ಹತ್ತು ಮಂದಿಯನ್ನೇ ಸಾವಿರಾರು ಸಲ ಒಳಗೆ ಕಳಿಸಿ ಎಂದರು!

"ಸರ್, ಪೂರ್ತಿ ಬಿಚ್ಚೋದೇ ಬೇಡ. ಜಿಪ್ ಒಳಗಿಂದಲೇ ಒಬ್ಬೊಬ್ಬರದ್ದೇ ಓದಿಸಬಹುದು," ಎಂದೆ. ಅಡುಗೆಗೆ ಬೇಕಾದ ಒಂದು ಪಾವು ಅಕ್ಕಿಗೆ ಯಾರಾದರೂ ಇಡೀ ಚೀಲವನ್ನು ನೆಲಕ್ಕೆ ಸುರಿಯುತ್ತಾರೆಯೇ? ಹಾಗೆ ಓದಿಸುವುದು ಅರ್ಧ ದಿನದ ಕೆಲಸ.

"ಪರವಾಲೇದಮ್ಮಾ," ಎಂದು ತೆಲುಗಿನಲ್ಲೇ ಪರವಾಗಿಲ್ಲ ಎಂದರು ಮೂರ್ತಿಗಾರು. "ನಂಬರ್ ಯಾರದಾದರೇನು? ಲೋಡ್ ಈಸ್ ಲೋಡ್. ಶುಕ್ರವಾರ ರಿಪೋರ್ಟ್ ಹೋಗಬೇಕು."

ಲೋಡ್ ಈಸ್ ಲೋಡ್! ಹದಿನೆಂಟು ವರ್ಷದ ಅನುಭವ ಆಡಿದ ಮಾತಿದು. ಅದೇ ಹತ್ತು ಮುಖ ಮತ್ತೆ ಮತ್ತೆ ಬಂದರೆ ಸರ್ವರ್ ಹುಡುಕುವುದೇ ಇಲ್ಲ, ನೆನಪಿನಿಂದಲೇ ಉತ್ತರ ಕೊಟ್ಟು ಕಳಿಸುತ್ತದೆ. ಹಾಗಾಗಿ ನಮ್ಮ ಗ್ರಾಫ್‌ನಲ್ಲಿ ಎಲ್ಲ ಹಸಿರೋ ಹಸಿರು. ಶುಕ್ರವಾರ ರಿಪೋರ್ಟ್ ಹೋಯಿತು. ಮೂರ್ತಿಗಾರು ಸಿಂಹಾಚಲಂಗೆ ಹೋಗಿ ಬಂದು ಟೀಮಿಗೆಲ್ಲ ಪ್ರಸಾದ ಹಂಚಿದರು. ನಾನು? ಅರ್ಧ ದಿನದ ಜಗಳ ಯಾರಿಗೆ ಬೇಕು ಎಂದು ಸಹಿ ಹಾಕಿದ್ದೆ.

ಬುಧವಾರದ ಮೀಟಿಂಗ್‌ನಲ್ಲಿ ಹೊಸ ಪದವೊಂದು ಹುಟ್ಟಿತು: 'ಅನಿರೀಕ್ಷಿತ ಟ್ರಾಫಿಕ್'. ಬರುವವರ ಪಟ್ಟಿಯನ್ನು ಮೂರು ವಾರ ಮೊದಲೇ ಕೈಗೆ ಕೊಟ್ಟಿದ್ದಾರೆ. ಒಬ್ಬರೂ ಹೆಚ್ಚಿಗೆ ಬಂದಿಲ್ಲ. ಇದರಲ್ಲಿ ಅನಿರೀಕ್ಷಿತ ಯಾವುದು? ಪಟ್ಟಿಯನ್ನು ತೆರೆದೇ ನೋಡದವರಿಗೆ ಲೋಕದಲ್ಲಿ ಎಲ್ಲವೂ ಅನಿರೀಕ್ಷಿತವೇ. ನಮ್ಮ ಆಫೀಸುಗಳಲ್ಲಿ ರಿಪೋರ್ಟ್ ಹೋಗುವುದು ಮುಖ್ಯ, ಅದರಲ್ಲಿ ಏನಿದೆ ಎನ್ನುವುದು ಆಮೇಲಿನ ಮಾತು.

ಮೀಟಿಂಗ್ ಮುಗಿದ ಮೇಲೆ ಆ ಜಿಪ್ ಫೈಲನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದೆ. ಲಾವಣ್ಯಳ ಅರ್ಜಿ ನಂಬರ್ ಹುಡುಕಿದೆ. ಇತ್ತು. ಅವಳ ಹತ್ತನೇ ಕ್ಲಾಸಿನ ಸರ್ಟಿಫಿಕೇಟೂ ಇತ್ತು. ಒಂದು ಸಲವಾದರೂ ಅವಳನ್ನು ಒಳಗೆ ಕಳಿಸಿ ನೋಡಬಹುದಿತ್ತು. ನಿಜ ಹೇಳುತ್ತೇನೆ, ನಾಚಿಕೆಯಾಯಿತು.

ಸಂಜೆ ಪಕ್ಕದ ಮನೆಗೆ ಹೋದೆ. ಲಾವಣ್ಯಳ ತಾಯಿ ಸುಜಾತಕ್ಕ ಬಳ್ಳಾರಿಯವರು, ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದರೂ ನನ್ನ ಹತ್ತಿರ ಕನ್ನಡವೇ. ಮಗಳು ಒಳಗೆ ಬಾಗಿಲು ಹಾಕಿಕೊಂಡಿದ್ದಳು.

ಎಲ್ಲ ಹೇಳಿದೆ. ಹತ್ತು ಮಂದಿ, ಮೂರ್ತಿಗಾರು, ಶುಕ್ರವಾರ, ನನ್ನ ಸಹಿ. ಮ್ಯಾನೇಜರ್ ಕೇಳಲಿಲ್ಲ ಅಕ್ಕಾ ಎಂದೂ ಸೇರಿಸಿದೆ (ನಾವು ಹಾಗೆ ಸೇರಿಸದೆ ಬಿಡುತ್ತೇವೆಯೇ?).

ಸುಜಾತಕ್ಕ ಬೈಯಲಿಲ್ಲ. ಕಾಫಿ ಲೋಟ ನನ್ನ ಮುಂದಿಟ್ಟು ಇಷ್ಟೇ ಕೇಳಿದರು:

"ನಿಮ್ ಮಗಳಾಗಿದ್ರೂ ಹಿಂಗೇ ಸೈನ್ ಹಾಕ್ತಿದ್ರೇನ್ರಿ?"