ಹದಿನಾಲ್ಕನೇ ಚಿತ್ರದ ಬೆಂಕಿ

ಮಣ್ಣಿನ ಮೇಡಂಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕೆಸರಿನಲ್ಲಿ ಆಡಿ ಅಮ್ಮನಿಂದ ಏಟು ತಿಂದವರು, ದೊಡ್ಡವರಾಗಿ ಅದೇ ಕೆಸರಿನಿಂದ ಅನ್ನ ತಿಂದವರು. ಕಲಾಶಾಲೆಯಲ್ಲಿ ಹತ್ತೊಂಬತ್ತು ವರ್ಷ ಮಡಕೆ ಕೆಲಸ ಕಲಿಸಿ ಮಕ್ಕಳಿಂದ ಆ ಹೆಸರು ಪಡೆದಿದ್ದರು. ಈಗ ಮೂರು ತಿಂಗಳಿಂದ ಲ್ಯಾಪ್‌ಟಾಪು, ಪ್ರೊಜೆಕ್ಟರು, ಎರಡು ಸ್ಪೀಕರು ಹೊತ್ತುಕೊಂಡು ಹೈಸ್ಕೂಲಿನಿಂದ ಹೈಸ್ಕೂಲಿಗೆ ಅಲೆಯುತ್ತಿದ್ದರು. ಈ ಸಲ ಹತ್ತು ಮಕ್ಕಳು ಸೇರದಿದ್ದರೆ ಮಡಕೆ ವಿಭಾಗಕ್ಕೆ ಬೀಗ. ಸೇರಿದವರು ಏಳು ಜನ, ಉಳಿದಿದ್ದು ಒಂದೇ ಶಾಲೆ.

ಅವರದು ಹನ್ನೆರಡು ನಿಮಿಷದ ಪ್ರದರ್ಶನ. ಸಂಗೀತ, ವಿಡಿಯೊ, ಹಳೆಯ ವಿದ್ಯಾರ್ಥಿಗಳ ಮಾತು, ಎಲ್ಲ ಉಂಟು. ಮೊದಲ ಹದಿಮೂರು ಚಿತ್ರಗಳಿಗೆ ಮಕ್ಕಳು ಆಕಳಿಸುತ್ತಾರೆ, ಒಬ್ಬರನ್ನೊಬ್ಬರು ಚಿವುಟುತ್ತಾರೆ. ಹದಿನಾಲ್ಕನೆಯದು ಬಂದಾಗ ಹಾಲ್ ತೆಪ್ಪಗಾಗುತ್ತದೆ. ಮಡಕೆ ಸುಡುವ ಭಟ್ಟಿಯ ಬಾಗಿಲ ಸಂದಿಯಿಂದ ಬೆಂಕಿ ನಾಲಿಗೆ ಚಾಚಿದೆ, ಎದುರು ನಿಂತವರ ಮುಖವೆಲ್ಲ ಕೆಂಪು. ಫಾರಂ ಕೇಳಿದ ಏಳೂ ಜನ ಆ ಬೆಂಕಿ ನೋಡಿಯೇ ಬಂದವರು.

ಆ ಭಟ್ಟಿ ಕೆಟ್ಟು ನಾಲ್ಕು ವರ್ಷ. ಕೇಳಿದಾಗಲೆಲ್ಲ ನಿರ್ದೇಶಕರದು ಒಂದೇ ಪಾಠ: "ಮೊದ್ಲು ಮಕ್ಕಳನ್ನ ತನ್ನಿ ಮೇಡಂ, ಆಮೇಲೆ ರಿಪೇರಿ." ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

"ಆ ಚಿತ್ರ ತೆಗೆದುಬಿಡು ಅಂದ್ರೆ ಕೇಳಲ್ಲ. ಊಟಕ್ಕೆ ಕೂತ್ರೂ ಕಾಲು ಕುಣಿಸ್ತಾ ಇರ್ತೀಯ" ಎಂದರು ಗಂಡ.

"ತೆಗೆದ್ರೆ ಉಳಿಯೋದೇನು? ನನ್ನ ಮುಖ ನೋಡ್ಕೊಂಡು ಯಾರು ಬರ್ತಾರೆ?"

"ನಾನು ಬಂದೆನಲ್ಲ."

"ಅವಾಗ ಪ್ರೊಜೆಕ್ಟರ್ ಇರ್ಲಿಲ್ಲ. ನಿಮಗೆ ಬೇರೆ ಗತಿ ಇರ್ಲಿಲ್ಲ."

ಇಬ್ಬರೂ ನಕ್ಕರು. ಮೇಡಂ ಕಾಲು ಮಾತ್ರ ನಿಲ್ಲಲಿಲ್ಲ.

ಕೊನೆಯ ಶಾಲೆಯ ಹಾಲಿಗೆ ಪರದೆಗಳೇ ಇರಲಿಲ್ಲ. ಕಿಟಕಿಗಳಿಗೆ ಕಂದು ಕಾಗದ ಅಂಟಿಸಿ ಕತ್ತಲು ಮಾಡಿದರು. ಸಡಿಲವಾಗಿದ್ದ ಪ್ಲಗ್ಗನ್ನು ಕಾಲಿನಿಂದ ಒತ್ತಿ ಹಿಡಿದೇ ಪ್ರದರ್ಶನ ನಡೆಸಿದರು. ಹದಿನಾಲ್ಕನೇ ಚಿತ್ರ ಬಂತು, ಹಾಲ್ ತೆಪ್ಪಗಾಯಿತು. ಕನ್ನಡಕದ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಈ ಭಟ್ಟಿ ಈಗ್ಲೂ ಉರಿಯುತ್ತಾ?"

ಇಷ್ಟು ಶಾಲೆಗಳಲ್ಲಿ ಯಾರೂ ಕೇಳಿರಲಿಲ್ಲ. ಮೇಡಂ ಕಾಲಿನಿಂದ ಪ್ಲಗ್ಗನ್ನು ಇನ್ನಷ್ಟು ಒತ್ತಿದರು. ಇನ್ನು ಮೂರೇ ಮೂರು ಮಕ್ಕಳು ಬೇಕಿತ್ತು.

"ನೀನು ಸೇರೋ ಹೊತ್ತಿಗೆ ಉರಿಯುತ್ತೆ ಕಣಮ್ಮ."

ಅದರಲ್ಲಿ ಅರ್ಧ ಆಸೆ, ಅರ್ಧ ಸುಳ್ಳು. ಯಾವ ಅರ್ಧ ಹೆಚ್ಚು ತೂಗುತ್ತದೆಂದು ಹೇಳಿದವರಿಗೇ ಗೊತ್ತಿತ್ತು. ಅಂದು ಮೂರು ಫಾರಂ ಭರ್ತಿಯಾದವು, ಮೊದಲನೆಯದು ಆ ಹುಡುಗಿಯದೇ. ವಿಭಾಗ ಉಳಿಯಿತು.

ನಿರ್ದೇಶಕರ ಮುಖ ಊರಗಲವಾಯಿತು. "ನೋಡಿದ್ರಾ, ನಿಮ್ಮ ಸಿನಿಮಾ ಹೇಗೆ ಕೆಲಸ ಮಾಡ್ತು? ಈ ವರ್ಷ ಇನ್ನೂ ದೊಡ್ಡ ಪ್ರೊಜೆಕ್ಟರ್ ತಗೊಳ್ಳೋಣ."

"ಮತ್ತೆ ಭಟ್ಟಿ ಸಾರ್?"

"ಮಕ್ಕಳು ಬಂದಾಯ್ತಲ್ಲ ಮೇಡಂ. ಇನ್ನು ಅದಕ್ಕೇನು ಅರ್ಜೆಂಟು?"

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಜನ. ಮೇಡಂ ಎರಡು ಸಲ ಅರ್ಜಿ ಬರೆದರು, ಮೂರು ಸಲ ಕೋಣೆಗೆ ಹೋಗಿ ಬಂದರು. ಏನೂ ಆಗಲಿಲ್ಲ.

ತರಗತಿ ಶುರುವಾದ ದಿನ ಕನ್ನಡಕದ ಹುಡುಗಿ ಚೀಲ ಇಳಿಸದೆ ನೇರವಾಗಿ ಭಟ್ಟಿಯ ಬಳಿ ಹೋದಳು. ಕಬ್ಬಿಣದ ಬಾಗಿಲ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ತೆಗೆದಾಗ ಕೈತುಂಬ ತುಕ್ಕು.

ಮೇಡಂಗೆ ನಾಚಿಕೆಯಿಂದ ಮೈ ಹಿಡಿಯಾಯಿತು. "ನಾನು ನಿನಗೆ ಸುಳ್ಳು ಹೇಳಿದೆ. ಬೇರೆ ವಿಭಾಗ ಬೇಕಾದ್ರೆ ಇವತ್ತೇ ಬದಲಾಯಿಸಿ ಕೊಡ್ತೀನಿ."

ಹುಡುಗಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನನ್ನ ತಂಗಿ ಮುಂದಿನ ವರ್ಷ ಹತ್ತನೇ ಕ್ಲಾಸು, ಅದೇ ಸ್ಕೂಲು. ಅವಳಿಗೂ ಆ ಚಿತ್ರ ತೋರಿಸ್ತೀರಾ ಮೇಡಂ?"