ಮೂರು ವಿದ್ಯೆಯ ಆಸಾಮಿ

ನನ್ನ ಅಳಿಯ ಆದಿತ್ಯವಾರ ಮಧ್ಯಾಹ್ನ ದಾಳ ಹಾಕುತ್ತಾನೆ ಎಂದು ಮೊದಲು ಹೇಳಿದ್ದು ಮೂಡುಬಿದಿರೆ ಬಸ್ಸಿನ ಕಂಡಕ್ಟರ್.

“ಜುಗಾರಿಗೆ ಬಿದ್ದ ಹಾಗೆ ಉಂಟು ಮಾರಾಯ್ರೆ. ಬಸ್ ಸ್ಟ್ಯಾಂಡಿನ ಎದುರಿನ ಕಾಂಪ್ಲೆಕ್ಸಿನ ಮಹಡಿಯಲ್ಲಿ, ಶಟರ್ ಅರ್ಧ ಎಳೆದುಕೊಂಡು ಕೂತಿದ್ದಾರೆ.”

ಅಳಿಯ ಎಂದರೆ ತಂಗಿಯ ಮಗ. ಬೆಳ್ತಂಗಡಿಯ ಆಚೆಯ ಹಳ್ಳಿಯಿಂದ ತಂಗಿ ಅವನನ್ನು ನಮ್ಮ ಬಂಟ್ವಾಳದ ಮನೆಗೆ ಕಳುಹಿಸಿದ್ದಳು. ಬಿ.ಸಿ.ರೋಡಿನಲ್ಲಿ ಮೊಬೈಲ್ ರಿಪೇರಿ ಕಲಿಯುತ್ತಿದ್ದ. ಕಳುಹಿಸಿದ್ದಕ್ಕೆ ಇನ್ನೊಂದು ಕಾರಣ ಇತ್ತು. ಅವನಿಗೆ ಉಗ್ಗು. ಮಾತುಗಾರನಾದ ಮಾವನ ಜೊತೆಗಿದ್ದರೆ ನಾಲಗೆ ಸಡಿಲವಾದೀತು ಎಂದು ಅವಳು ನಂಬಿದ್ದಳು.

ಮಾತಿನ ವಿಷಯದಲ್ಲಿ ನನಗೆ ಹೆಸರಿತ್ತು. ಬಸ್ ಸ್ಟ್ಯಾಂಡಿನಲ್ಲಿ ನಾನು ಖಾಸಗಿ ಬಸ್ಸುಗಳ ಟೈಮ್ ಕೀಪರ್. ಎಸ್ಸೆಸ್ಸೆಲ್ಸಿಯ ನಂತರ ಕಲಿತದ್ದೆಲ್ಲ ತಾಳಮದ್ದಳೆಯಿಂದ. ವೇಷ ಕಟ್ಟದೆ, ಪಂಚೆ ಶಲ್ಯದಲ್ಲಿ ಕೂತು, ಭಾಗವತರು ಪದ ಹಾಡಿದ ಮೇಲೆ ಪಾತ್ರವೇ ತಾನಾಗಿ ಆ ಕ್ಷಣಕ್ಕೆ ತೋಚಿದ್ದನ್ನು ಮಾತಾಡುವ ಕಲೆ ಅದು. ಅರ್ಥ ಹೇಳುವುದು ಎನ್ನುತ್ತಾರೆ. ಎದುರಿನವನು ಮಾತು ನಿಲ್ಲಿಸಿದರೆ ಅಲ್ಲಿಂದ ನಮ್ಮ ಸರದಿ. ಅವನಿಗೆ ಮರಳಿ ಬಾಯಿ ತೆರೆಯಲು ಬಿಡದವನೇ ಗಟ್ಟಿಗ.

ಆ ಆದಿತ್ಯವಾರ ಹುಡುಗನನ್ನು ಆಡುವಾಗಲೇ ಹಿಡಿಯಬೇಕೆಂದು ಮಹಡಿ ಹತ್ತಿದೆ. ಶಟರಿನ ಕೆಳಗೆ ಬಗ್ಗಿದಾಗ ಅಳಿಯನ ಧ್ವನಿ ಕೇಳಿಸಿತು.

“ನಾನು ಕೋಲನ್ನು ಕೆಳಗೆ ಇಡ್ತೇನೆ. ಕಾವಲಿನವನ ಹತ್ತಿರ ಹೋಗ್ತೇನೆ. ನಾವು ಯುದ್ಧಕ್ಕೆ ಬಂದವರಲ್ಲ, ದಾರಿ ತಪ್ಪಿ ಬಂದವರು ಅಂತ ಹೇಳ್ತೇನೆ.”

ಒಂದಕ್ಷರವೂ ತುಂಡಾಗಲಿಲ್ಲ. ನಾನು ಬಗ್ಗಿದವನು ಹಾಗೆಯೇ ನಿಂತುಬಿಟ್ಟೆ.

ಒಳಗೆ ನಾಲ್ವರಿದ್ದರು. ಅಂಗಡಿ ದುಬಾಯಿಯಲ್ಲಿ ಕೆಲವು ವರ್ಷ ದುಡಿದು ಬಂದ ಒಬ್ಬರು ಬ್ಯಾರಿ ಯುವಕರದು. ಅಲ್ಲಿ ಒಂದೇ ರೂಮಿನಲ್ಲಿದ್ದ ಬೇರೆ ದೇಶದವರಿಂದ ಈ ಆಟ ಕಲಿತು, ಅದರ ದಪ್ಪ ಪುಸ್ತಕವನ್ನೂ ಚಿತ್ರವಿಚಿತ್ರ ಮುಖಗಳ ದಾಳಗಳನ್ನೂ ತಂದಿದ್ದರು. ಮತ್ತಿಬ್ಬರಲ್ಲಿ ಒಬ್ಬರು ಮೆಡಿಕಲ್ ಶಾಪಿನವರು, ಇನ್ನೊಬ್ಬರು ಮಿಜಾರಿನಿಂದ ಬರುತ್ತಿದ್ದ ಕಾಲೇಜಿನ ಮೇಷ್ಟ್ರು. ಅಂಗಡಿಯವರು ಕಥೆ ನಡೆಸುವುದು, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುವುದು, ಹೊಡೆತ ತಾಗಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುವುದು. ಅಳಿಯ ಅಲ್ಲಿ ಮಂತ್ರವಾದಿಯಾಗಿದ್ದ.

ಕೆಳಗಿಳಿದು ಬೂತಿನಿಂದ ತಂಗಿಗೆ ಫೋನು ಮಾಡಿದೆ.

“ಉಗ್ಗಲಿಲ್ಲವಾ? ಒಂದು ಸಲವೂ?”

“ಇಲ್ಲ. ನಾನೇ ಕೇಳಿದ್ದು.”

“ಟ್ಯಾಪಿಂಗ್ ನಿಂತ ಕೂಡಲೇ ಬರ್ತೇನೆ. ನನಗೂ ಒಮ್ಮೆ ಕೇಳಬೇಕು,” ಎಂದಳು.

ಅವಳ ರಬ್ಬರ್ ಮರಗಳಿಗೆ ಬಿಡುವು ಸಿಗಲು ಎರಡು ತಿಂಗಳಿತ್ತು. ಅಷ್ಟರಲ್ಲಿ ನಾನೂ ಆಟಕ್ಕೆ ಸೇರಿದೆ. ಅಂಗಡಿಯವರು ಸಂತೋಷದಿಂದಲೇ ಸೇರಿಸಿಕೊಂಡರು. ಮೊದಲು ಕತ್ತಿ ಹಿಡಿದ ಕಾದಾಳು ಒಬ್ಬನನ್ನು ಮಾಡಿಕೊಂಡೆ. ಒಂದು ಸಾಹಸ ಮುಗಿದು ಪಾತ್ರ ಒಂದು ಲೆವೆಲ್ ಮೇಲೆ ಹೋಗುವಾಗ ಅಂಗಡಿಯವರು ಕೇಳಿದರು, “ಕಾದಾಳು ಆಗಿಯೇ ಮುಂದುವರಿಸುದಾ, ಬೇರೆ ವಿದ್ಯೆ ಸೇರಿಸುದಾ? ಅದಕ್ಕೆ ಮಲ್ಟಿಕ್ಲಾಸ್ ಅಂತ ಹೇಳುದು. ಬೆಳಿಗ್ಗೆ ಶಾಲೆಯಲ್ಲಿ ಮಾಸ್ಟ್ರು, ಸಂಜೆ ಅಡಿಕೆ ವ್ಯಾಪಾರ, ಹಾಗೆ.”

“ಒಬ್ಬನೇ ಎಲ್ಲ ಮಾಡಬಹುದಾ?”

“ಮಾಡಬಹುದು. ಆದರೆ ಯಾವುದೂ ಪೂರ್ತಿ ಕೈಗೆ ಹತ್ತುದಿಲ್ಲ ಅಣ್ಣ.”

“ನೋಡಿ ಇವರನ್ನು,” ಎಂದು ಮೇಷ್ಟ್ರು ಮೆಡಿಕಲಿನವರನ್ನು ತೋರಿಸಿದರು. “ವಾರವಿಡೀ ಮಾತ್ರೆ ಕೊಟ್ಟು, ಇಲ್ಲಿ ಬಂದೂ ವೈದ್ಯನೇ. ಒಂದೇ ವಿದ್ಯೆ.”

“ನೀವು ಸಾಯುವಾಗ ಬದುಕಿಸುದು ಯಾರು? ಕರೆಯಿರಿ ನೋಡುವ ಆಗ,” ಎಂದರು ಅವರು.

ನನ್ನ ಕಾದಾಳಿಗೆ ಮೊದಲು ಕಳ್ಳನ ವಿದ್ಯೆ ಸೇರಿಸಿದೆ. ಬೀಗ ತೆಗೆಯುವುದು, ನೆರಳಿನಲ್ಲಿ ನಡೆಯುವುದು. ಮುಂದಿನ ಲೆವೆಲ್ಲಿಗೆ ಮಂತ್ರ ಬೇಕು ಎಂದೆ. ಅಳಿಯ ತಲೆ ಎತ್ತಿ ನನ್ನನ್ನು ನೋಡಿದ, ಮತ್ತೆ ತನ್ನ ದಾಳಗಳನ್ನು ನೋಡಿದ.

“ಅದು ಅಳಿಯನ ಕೆಲಸ ಅಲ್ವಾ?” ಎಂದರು ಅಂಗಡಿಯವರು. “ಒಂದು ತಂಡಕ್ಕೆ ಎರಡು ಮಂತ್ರವಾದಿ ಎಂತಕ್ಕೆ?”

“ಪುಸ್ತಕದಲ್ಲಿ ಬೇಡ ಅಂತ ಉಂಟಾ?”

“ಇಲ್ಲ.”

“ಮತ್ತೆ?”

ಪುಸ್ತಕದ ಪ್ರಕಾರ ನಾನು ಮಾಡಿದ್ದು ಸರಿಯೇ ಇತ್ತು. ಮಂತ್ರ ಬೇಕೆಂದು ನನಗೇಕೆ ಅನಿಸಿತು ಎಂಬುದನ್ನು ಈಗ ಬರೆಯುತ್ತೇನೆ. ಆ ಕಥೆಯಲ್ಲಿ ಕಣ್ಣಿಗೆ ಕಾಣದ ಶಕ್ತಿಗಳ ಜೊತೆ ಮಾತಾಡಲು ಮಂತ್ರ ಬಲ್ಲವನಿಗೆ ಮಾತ್ರ ಅವಕಾಶವಿತ್ತು. ಒಳ್ಳೆಯ ಮಾತುಕತೆಯೆಲ್ಲ ಅಲ್ಲಿಯೇ ಬರುತ್ತಿತ್ತು. ಅಷ್ಟು ಹೊತ್ತು ನಾನು ಕತ್ತಿ ಹಿಡಿದು ಸುಮ್ಮನೆ ಕೂರಬೇಕಾಗಿತ್ತು. ಅದು ನನ್ನಿಂದ ಆಗಲಿಲ್ಲ.

ತಂಗಿ ಬಂದ ಆದಿತ್ಯವಾರ ಅಂಗಡಿಯವರು ಪ್ಲಾಸ್ಟಿಕ್ ಸ್ಟೂಲ್ ಹಾಕಿಸಿ, ಕೆಳಗಿನಿಂದ ಚಾ ತರಿಸಿದರು. ಅವಳು ಹಲಸಿನ ಹಪ್ಪಳದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮಗನ ಹಿಂದೆ ಕೂತಳು. ಕಥೆಯಲ್ಲಿ ನಾವು ಒಂದು ಹೊಳೆ ದಾಟಬೇಕಿತ್ತು. ಹೊಳೆಯನ್ನು ಕಾಯುವ ಭೂತವೊಂದು ನೀರಿನಿಂದ ಎದ್ದಿತು. ಅಂಗಡಿಯವರು ಅದರ ಧ್ವನಿಯಲ್ಲಿ, “ದಾಟುವವರು ಯಾರು? ನನಗೆ ಎಂತ ಕೊಡ್ತೀರಿ?” ಎಂದು ಅಳಿಯನನ್ನೇ ನೋಡಿ ಕೇಳಿದರು.

“ನಾನು ನೀರಿಗೆ ಕೈ ಇಡ್ತೇನೆ,” ಎಂದ ಅಳಿಯ. “ಹೊಳೆಯ ಒಡೆಯನೇ, ನಿನಗೆ ಕೊಡ್ಲಿಕ್ಕೆ ನಮ್ಮಲ್ಲಿ ಎಂತ ಉಂಟು ಅಂತ ನಾನು ದಾರಿಯುದ್ದಕ್ಕೂ ಯೋಚಿಸಿದೆ.”

ಇಷ್ಟು ಹೇಳಿ ನಿಲ್ಲಿಸಿದ. ಅದು ಉಗ್ಗಲ್ಲ, ಬರುವ ಮಾತನ್ನು ಒಳಗೇ ಕಟ್ಟಿಕೊಳ್ಳುತ್ತಿದ್ದ. ಆದರೆ ನನ್ನ ಕಿವಿಗೆ ಎದುರಿನವನು ನಿಲ್ಲಿಸಿದ ಹಾಗೆ ಕೇಳಿಸಿತು. ಮೇಲಾಗಿ ಅಲ್ಲಿ ಸಭೆಯೂ ಇತ್ತು, ತಂಗಿಯೊಬ್ಬಳದೇ ಆದರೂ. “ನನಗೂ ಮಂತ್ರ ಗೊತ್ತುಂಟು,” ಎಂದು ಹೇಳಿ ಶುರು ಮಾಡಿದೆ. ನೀರು ಯಾರ ಸ್ವತ್ತು, ಕಾಯುವವನಿಗೆ ಒಡೆತನ ಬರುವುದು ಹೇಗೆ, ಬಾಯಾರಿದವನನ್ನು ತಡೆಯುವುದು ಯಾವ ಧರ್ಮ ಎಂದು ಒಂದರ ಮೇಲೊಂದು ಕೇಳಿದೆ. ಭೂತ ಸೋತು ದಾರಿ ಬಿಟ್ಟಿತು. ಮೇಷ್ಟ್ರು ಮೇಜು ಕುಟ್ಟಿದರು. ತಂಗಿಯೂ ಚಪ್ಪಾಳೆ ಹೊಡೆದಳು.

ಅಂಗಡಿಯವರು ಅಳಿಯನ ಕಡೆ ತಿರುಗಿ, “ನೀನು ಎಂತದೋ ಹೇಳ್ಲಿಕ್ಕೆ ಹೊರಟಿದ್ದಿಯಲ್ಲ? ಹೇಳು ಮಾರಾಯ, ಭೂತ ಇನ್ನೂ ಇಲ್ಲೇ ಉಂಟು,” ಎಂದರು.

“ನಾ... ನಾ...” ಎಂದ ಅಳಿಯ. ಅಲ್ಲಿಂದ ಮುಂದೆ ಹೋಗಲಿಲ್ಲ. ಆ ಮೇಜಿನಲ್ಲಿ ಅವನು ಉಗ್ಗಿದ್ದು ಅದೇ ಮೊದಲು. ತಂಗಿ ಚೀಲದ ಹಿಡಿಯನ್ನು ನೋಡುತ್ತಿದ್ದಳು.

ಅವಳಿಗೆ ಬೆಳ್ತಂಗಡಿ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದುಕೊಟ್ಟೆ. ಕಿಟಕಿಯಿಂದ, “ಒಳ್ಳೆ ಅರ್ಥ ಹೇಳಿದೆ ಅಣ್ಣ,” ಎಂದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದು ಖುಷಿಯಲ್ಲಿ ಮನೆಗೆ ಹೋದೆ.

ಮುಂದಿನ ವಾರ ಅಳಿಯ ತಾನು ಕಲಿಯುವ ರಿಪೇರಿ ಅಂಗಡಿಯಲ್ಲಿ ಕೆಲಸ ಉಂಟು ಎಂದ. ಅದರ ಮುಂದಿನ ವಾರವೂ ಅದನ್ನೇ ಹೇಳಿದ. ನಾನು ಹೋಗುತ್ತಲೇ ಇದ್ದೆ. ಮಂತ್ರದ ಕೆಲಸವೆಲ್ಲ ಈಗ ನನ್ನದೇ ಆಗಿತ್ತು, ಆಟ ಮೊದಲಿಗಿಂತ ಚೆನ್ನಾಗಿದೆ ಎಂದೂ ಅನಿಸಿತ್ತು. ಒಂದು ದಿನ ಉಳಿದವರು ಇಳಿದು ಹೋದ ಮೇಲೆ ಅಂಗಡಿಯವರು ನನ್ನನ್ನು ತಡೆದರು.

“ಅಣ್ಣ, ಬೇಸರ ಮಾಡಬೇಡಿ. ಆ ಭೂತವನ್ನು ನಾನು ಅವನಿಗೆ ಅಂತಲೇ ಮಾಡಿದ್ದು. ಅಮ್ಮ ಬರ್ತಾರೆ ಅಂತ ಅವ ಮೊದಲೇ ಹೇಳಿದ್ದ. ವಾರವಿಡೀ ತಯಾರಿ ಮಾಡಿದ್ದ.”

“ಆ ಮಂತ್ರದ ಲೆವೆಲ್ ವಾಪಸು ಕೊಡ್ತೇನೆ,” ಎಂದೆ.

“ವಾಪಸು ತಕ್ಕೊಳ್ಳುವ ಕ್ರಮ ಇಲ್ಲ. ಕಲಿತದ್ದು ಕಲಿತದ್ದೇ. ಪಾತ್ರ ಸಾಯಬೇಕು, ಅಷ್ಟೇ.”

ಸಾಯಿಸುತ್ತೇನೆ ಎಂದೆ, ಮುಂದಿನ ಆದಿತ್ಯವಾರ ಸಾಯಿಸಿಯೂ ಬಿಟ್ಟೆ. ಕುಸಿಯುವ ಸೇತುವೆಯನ್ನು ಹೆಗಲಲ್ಲಿ ಹೊತ್ತು, ಉಳಿದವರನ್ನು ದಾಟಿಸಿ, ನನ್ನ ಮೂರು ವಿದ್ಯೆಯ ಆಸಾಮಿ ನೀರಿಗೆ ಬಿದ್ದ. ಬೀಳುವ ಮೊದಲು ಕೊನೆಯ ಮಾತು ಹೇಳಿದ. ಮೆಡಿಕಲಿನವರು ಕಣ್ಣೊರೆಸಿಕೊಂಡರು.

ಮರುದಿನ ಊಟಕ್ಕೆ ಕೂತಾಗ ಅಳಿಯನಿಗೆ ಹೇಳಿದೆ, “ನನ್ನವ ಸತ್ತ. ಇನ್ನು ನಾನು ಬರುದಿಲ್ಲ. ನೀನು ಹೋಗು.”

ಅವನಿಗೆ ಸುದ್ದಿ ಮೊದಲೇ ತಲುಪಿತ್ತು. ಅನ್ನ ಕಲಸುತ್ತಾ ಕೇಳಿದ, “ಸಾ... ಸಾಯುವಾಗ ಎಷ್ಟು ಹೊತ್ತು ಮಾ... ಮಾತಾಡಿದ್ರಿ, ಮಾವ?”

ನನ್ನ ಹೆಂಡತಿ ಜೋರಾಗಿ ನಕ್ಕಳು. ನಾನೂ ನಕ್ಕೆ. ಅವನು ನಗಲಿಲ್ಲ, ಆಟಕ್ಕೂ ಹೋಗಲಿಲ್ಲ.

ಕೆಲವು ವಾರಗಳ ಬಳಿಕ ತಂಗಿಯ ಫೋನು ಬಂತು. “ಈ ಆದಿತ್ಯವಾರ ಬರ್ತೇನೆ. ಅವನ ಹತ್ತಿರ ಮಾತಾಡಿದ್ದೇನೆ, ಹೋಗುವ ಅಂತ ಹೇಳಿದ್ದಾನೆ. ನೀನು ಮೇಲೆ ಬರುದು ಬೇಡ ಅಣ್ಣ.”

“ನಾನು ಸುಮ್ಮನೆ ಹಿಂದೆ ಕೂರ್ತೇನೆ.”

“ನಿನ್ನಿಂದ ಆಗುದಿಲ್ಲ,” ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ.

ಆ ದಿನ ರಜೆ ಬಿಟ್ಟು ಡ್ಯೂಟಿಗೆ ನಿಂತೆ. ಮಧ್ಯಾಹ್ನ ತಾಯಿ ಮಗ ಮಹಡಿ ಹತ್ತಿದರು. ಮೂರೂವರೆಯ ಬಸ್ಸಿನಲ್ಲಿ ಅವಳಿಗೆ ಸೀಟು ಹಿಡಿದಿಟ್ಟೆ, ಅವಳು ಇಳಿದು ಬರಲಿಲ್ಲ. ಮುಂದಿನದರಲ್ಲೂ ಕರವಸ್ತ್ರ ಹಾಕಿ ಕಾದೆ. ಡ್ರೈವರ್ ಹಾರನ್ ಮೇಲೆ ಹಾರನ್ ಹೊಡೆದ, ಸೀಟು ಬಿಟ್ಟುಕೊಟ್ಟೆ. ಬಸ್ಸುಗಳ ಗದ್ದಲದಲ್ಲಿ ಮೇಲಿನ ಮಾತು ಕೆಳಗೆ ಕೇಳುವ ಹಾಗಿರಲಿಲ್ಲ. ಆದರೂ ನಾಲ್ಕೈದು ಸಲ ಕತ್ತೆತ್ತಿ ನೋಡಿದೆ.

ಬೀದಿ ದೀಪ ಹತ್ತಿದ ಮೇಲೆ ಇಬ್ಬರೂ ಮೆಟ್ಟಿಲಿಳಿದು ಬಂದರು. ಅವನ ಕೈಯಲ್ಲಿ ಅವಳ ಚೀಲವಿತ್ತು. ಅವನು ಏನೋ ಹೇಳುತ್ತಿದ್ದ, ಅವಳು ಅವನ ಬಾಯನ್ನೇ ನೋಡುತ್ತಾ ಪಕ್ಕದಲ್ಲಿ ನಡೆಯುತ್ತಿದ್ದಳು, ರಿಕ್ಷಾ ಬಂದದ್ದೂ ಅವಳಿಗೆ ಗೊತ್ತಾಗಲಿಲ್ಲ. ನನ್ನ ಹತ್ತಿರ ಬರುತ್ತಿದ್ದಂತೆ ಅವನು ಮಾತು ನಿಲ್ಲಿಸಿದ.

ಕೊನೆಯ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಅದು ನಿಂತಿದ್ದ ಜಾಗ ತೋರಿಸಿ ನಾನು ಆಚೆ ಹೋದೆ.